ಬಾಯಿ ತೆರೆದುಕೊಂಡು ಮುಷ್ಟಿ ಹಿಡಿಯುವುದು

ಕ್ರೇನಣ್ಣನ ದವಡೆಹಲ್ಲು ಕೀಳಿಸಿದ ಮಾರನೆಯ ದಿನ ಲ್ಯಾಬಿನ ಕೈ ಮುಷ್ಕರ ಹೂಡಿತು.

ಕೈ ಎಂದರೆ ಮೇಜಿನ ಮೇಲೆ ಕಬ್ಬಿಣದ ಹಿಡಿಕೆಗೆ ಸಿಕ್ಕಿಸಿದ್ದ ಯಂತ್ರದ ಕೈ. ಬೆರಳ ತುದಿಗೆ ಕಪ್ಪು ರಬ್ಬರು, ಗೆಣ್ಣುಗಳಲ್ಲಿ ಪುಟ್ಟ ಚಕ್ರಗಳು, ಮಣಿಕಟ್ಟಿನಲ್ಲಿ ಒಂದು ಗೊಂಚಲು ತಂತಿ. ಕ್ರೇನಣ್ಣ ಎಂದರೆ ಅದರ ಎದುರು ಗಾಲಿಕುರ್ಚಿಯಲ್ಲಿ ಕೂತವನು. ಏಳುತ್ತಿರುವ ಕಟ್ಟಡಗಳ ನೆತ್ತಿಯ ಮೇಲೆ ಕ್ರೇನು ನಡೆಸುತ್ತಿದ್ದವನು. ಅಷ್ಟು ಎತ್ತರದಲ್ಲಿ ಅಷ್ಟು ವರ್ಷ ಕೂದಲೂ ಕೊಂಕದವನು ಒಂದು ದಿನ ಮನೆ ಮುಂದಿನ ರಸ್ತೆ ದಾಟುವಾಗ ಬೈಕೊಂದು ಗುದ್ದಿ ಕತ್ತಿನಿಂದ ಕೆಳಗಿನದೆಲ್ಲವನ್ನೂ ಕಳೆದುಕೊಂಡಿದ್ದ. "ಮೋಡದ ಪಕ್ಕ ಕೂತಿದ್ದವನನ್ನ ನೆಲ ಕರೆದು ಹೊಡೀತು" ಎಂದು ತಾನೇ ನಗುತ್ತಿದ್ದ. ಅವನ ಮೆದುಳಿನ ಮೇಲೆ, ಮೂಳೆಯ ಕೆಳಗೆ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಒಂದು ಹಾಳೆ ಇತ್ತು. ಹಾಳೆಯ ತುಂಬ ಲೋಹದ ಚುಕ್ಕಿಗಳು. ಮುಷ್ಟಿ ಹಿಡಿಯಬೇಕೆಂದು ಅವನು ಮನಸ್ಸು ಮಾಡಿದಾಗ ಅಲ್ಲಿ ಹುಟ್ಟುವ ಸಣ್ಣ ವಿದ್ಯುತ್ತನ್ನು ಚುಕ್ಕಿಗಳು ಹಿಡಿದು ಕಂಪ್ಯೂಟರಿಗೆ ಕೊಡಬೇಕು, ಕಂಪ್ಯೂಟರು ಮೇಜಿನ ಕೈಗೆ ಹೇಳಬೇಕು, ಕೈ ಮುಚ್ಚಬೇಕು. ತಿಂಗಳುಗಟ್ಟಲೆ ಮುಚ್ಚುತ್ತಲೇ ಇತ್ತು. ಪೇಪರಿನವರು ಬಂದು ಫೋಟೋ ಹೊಡೆದುಕೊಂಡು ಹೋಗಿದ್ದರು.

ಈಗ ಕೈ ಅಂಗಾತ ಬಿದ್ದು ಸೂರು ನೋಡುತ್ತಿತ್ತು.

"ಇನ್ನೊಂದ್ಸಲ ಅಣ್ಣ" ಎಂದಳು ಕೊಕ್ಕರೆ. ಕೊಕ್ಕರೆ ಪಿಎಚ್‌ಡಿ ವಿದ್ಯಾರ್ಥಿನಿ. ಉದ್ದ ಕಾಲು, ಉದ್ದ ಕತ್ತು, ಯಾವಾಗಲೂ ಒಂದೇ ಕಾಲಿನ ಮೇಲೆ ಭಾರ ಹಾಕಿ ಪರದೆಯೊಳಗೆ ಇಣುಕುವವಳು. ಸಿಗ್ನಲ್ಲನ್ನು ಕೈಯ ಭಾಷೆಗೆ ತಿರುಗಿಸುವ ಪ್ರೋಗ್ರಾಂ ಅವಳದು. ಅವಳ ಪ್ರಬಂಧವೆಲ್ಲ ಆ ಕೈಯ ಮೇಲೆ ನಿಂತಿತ್ತು.

ಕ್ರೇನಣ್ಣ ಊದಿದ ಕೆನ್ನೆಯಲ್ಲೇ ಏನೋ ಗೊಣಗಿದ. ಬಾಯೊಳಗೆ ಹತ್ತಿಯಿತ್ತು.

"ಹಲ್ಲು ಕಿತ್ತ ನೋವಿಗೆ ಮನಸ್ಸು ಅಲ್ಲೇ ಇರತ್ತೆ, ನಿಮ್ಮ ಕೈ ಯಾರಿಗೆ ಬೇಕು" ಎಂದಳು ಅವನ ತಂಗಿ. ಅವಳು ಟೈಲರ್. ಅಣ್ಣನನ್ನು ಕರೆತಂದಾಗಲೆಲ್ಲ ಮೂಲೆಯ ಸ್ಟೂಲಿನಲ್ಲಿ ಕೂತು ಯಾರದೋ ಬ್ಲೌಸಿಗೆ ಹೆಮ್ಮಿಂಗ್ ಮಾಡುತ್ತಿರುತ್ತಿದ್ದಳು. "ನಾಲ್ಕು ದಿನ ಬಿಡಿ, ಸರಿ ಹೋಗತ್ತೆ."

ಎಲ್ಲರೂ ಒಪ್ಪಿದರು. ಪ್ರೊಫೆಸರ್ ಮಾತ್ರ ಒಪ್ಪಲಿಲ್ಲ. ಹಲ್ಲುನೋವು ಮೆದುಳನ್ನು ಮಂಕು ಮಾಡಬಹುದು, ಹೀಗೆ ಸ್ವಿಚ್ ಆರಿಸಿದ ಹಾಗೆ ಆರಿಸಬಾರದು.

ಈ ಪ್ರೊಫೆಸರಳ ಕಸುಬನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಬಾಯಿಲ್ಲದವುಗಳ ಮಾತಿಗೆ ಕಿವಿಗೊಡುವುದು. ವಿದ್ಯುತ್ ವಿಭಾಗಕ್ಕೆ ಸೇರಿದ ಹೊಸದರಲ್ಲಿ ಸೇತುವೆಗಳ ಹೊಟ್ಟೆಗೆ ಸೆನ್ಸರ್ ಅಂಟಿಸಿ ಒಳಗೊಳಗೇ ಬಿರುಕು ಬಿಡುವ ಸದ್ದನ್ನು ಹಿಡಿದಳು. ಆಮೇಲೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರ ಚಪ್ಪಲಿಯೊಳಗೆ ಒತ್ತಡ ಅಳೆಯುವ ಪದರ ಕೂರಿಸಿದಳು. ಪಾದದಿಂದ ನರ, ನರದಿಂದ ಬೆನ್ನುಹುರಿ, ಬೆನ್ನುಹುರಿಯಿಂದ ಮೆದುಳು, ಹೀಗೆ ಮೇಲೆ ಮೇಲೆ ಹತ್ತಿದಳು. ಪ್ರತಿ ಮಹಡಿಯಲ್ಲೂ ಯಾರಾದರೊಬ್ಬರು ನಿಂತು "ಇಲ್ಲಿಗೆ ಸಾಕಲ್ವಾ ಮೇಡಂ" ಎಂದು ಕೇಳಿದ್ದರು. ಅವರ ಪಕ್ಕದಿಂದಲೇ ದಾಟಿ ಹೋಗಿದ್ದಳು.

ಸದ್ದು ಹಿಡಿಯುವವರಿಗೆ ಬೇಡದ ಸದ್ದೇ ಹಗೆ. ಅದನ್ನು ಅವಳು ಗದ್ದಲ ಎನ್ನುತ್ತಿದ್ದಳು. ಪಾಠದಲ್ಲಿ, ಮೌಖಿಕ ಪರೀಕ್ಷೆಯಲ್ಲಿ, ಕ್ಯಾಂಟೀನಿನ ಸಾಲಿನಲ್ಲಿ, ಎಲ್ಲಿ ಸಿಕ್ಕರೂ ಅವಳ ಮೊದಲ ಪ್ರಶ್ನೆ "ಗದ್ದಲ ಎಲ್ಲಿಂದ ಬಂತು?" ಹಿಂದಿನ ಬೆಂಚಿಗೆ ಕೇಳಿಸದಷ್ಟು ಮೆಲ್ಲಗೆ ಮಾತಾಡುವ ಅವಳಿಗೆ ಹುಡುಗರು ಗದ್ದಲ ಮೇಡಂ ಎಂದೇ ಹೆಸರಿಟ್ಟಿದ್ದರು. ಲ್ಯಾಬಿನ ಗೋಡೆಗೆಲ್ಲ ತಾಮ್ರದ ಜಾಲರಿ ಹೊದಿಸಿದ್ದಳು. ಟ್ಯೂಬ್‌ಲೈಟ್ ಕೀಳಿಸಿದ್ದಳು. ಫೋನುಗಳೆಲ್ಲ ಹೊರಗೆ ಬಿಸ್ಕತ್ತಿನ ಡಬ್ಬಿಯಲ್ಲಿ. ಅಳತೆ ನಡೆಯುವಾಗ ಫ್ಯಾನ್ ಬಂದ್, ಎಷ್ಟೇ ಸೆಕೆಯಿರಲಿ. ಎಲ್ಲರ ಬೆನ್ನಿಗೂ ಬಟ್ಟೆ ಅಂಟಿಕೊಂಡಿರುತ್ತಿತ್ತು.

ಮುಂದಿನ ವಾರ ಪರಿಶೀಲನಾ ಕಮಿಟಿ ಕೂರುವುದಿತ್ತು. ಹಾಳೆಯನ್ನು ತಲೆಯೊಳಗೆ ಇಡಲು ಕಮಿಟಿ ಕೊಟ್ಟಿದ್ದು ಒಂದು ವರ್ಷದ ಅನುಮತಿ. ಉಪಯೋಗವಿದೆ ಎಂದು ಕಣ್ಣಾರೆ ಕಂಡರೆ ಮುಂದುವರಿಸುತ್ತಾರೆ. ಇಲ್ಲದಿದ್ದರೆ ಕ್ರೇನಣ್ಣನ ತಲೆ ಮತ್ತೆ ತೆರೆದು ಹಾಳೆಯನ್ನು ಹೊರತೆಗೆಯಬೇಕು. ಅವನ ವಯಸ್ಸಿಗೆ, ಅವನ ಎದೆಯ ಸ್ಥಿತಿಗೆ, ಅದನ್ನು ಮತ್ತೆ ಇಡಲೆಂದು ಮೂರನೆಯ ಸಲ ತಲೆ ತೆರೆಯುವುದಂತೂ ಆಗದ ಮಾತು ಎಂದು ಸರ್ಜನ್ ಮೊದಲೇ ಹೇಳಿಬಿಟ್ಟಿದ್ದರು. ತೆಗೆದರೆ ತೆಗೆದಂತೆಯೇ.

ಭಾನುವಾರ ಮಧ್ಯಾಹ್ನ ಪ್ರೊಫೆಸರಳ ಮನೆಯಲ್ಲಿ ಮೂವರು ಊಟಕ್ಕೆ ಕೂತಿದ್ದರು. ಗಂಡ ಶಾಲೆಯಲ್ಲಿ ಚಿತ್ರಕಲೆ ಮೇಷ್ಟ್ರು, ಉಗುರುಗಳ ಸಂದಿಯಲ್ಲಿ ಯಾವಾಗಲೂ ನೀಲಿ ಬಣ್ಣ. ಅತ್ತೆಗೆ ಎಂಬತ್ತು ದಾಟಿತ್ತು. ಅಷ್ಟೂ ಹಲ್ಲು ಸ್ವಂತದ್ದು ಎಂಬುದು ಅವರ ದೊಡ್ಡ ಹೆಮ್ಮೆ. ಅಂದು ಯಾರೂ ಕೇಳದಿದ್ದರೂ ಸೀದುಹೋದ ರೊಟ್ಟಿಯ ಅಂಚನ್ನೇ ಆರಿಸಿ ತೆಗೆದುಕೊಂಡು ಅಗಿಯುತ್ತಿದ್ದರು.

ಪ್ರೊಫೆಸರ್ ತುತ್ತು ಕೈಯಲ್ಲೇ ಹಿಡಿದು ಅತ್ತೆಯನ್ನು ನೋಡುತ್ತ ಕೂತಳು. ಕಿವಿಗೂ ಹುಬ್ಬಿಗೂ ನಡುವೆ, ಕಣತಲೆಯ ತೆಳು ಚರ್ಮದ ಕೆಳಗೆ ಏನೋ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಅಗಿದಾಗ ಉಬ್ಬು, ನಿಲ್ಲಿಸಿದಾಗ ಇಳಿತ.

"ಏನೇ ಹಾಗೆ ದಿಟ್ಟಿಸ್ತೀಯ? ನನ್ನ ಹಲ್ಲಿಗೆ ದೃಷ್ಟಿ ಆದೀತು."

"ಅತ್ತೆ, ಒಂದು ನಿಮಿಷ" ಎಂದು ಎದ್ದವಳೇ ಎಡಗೈಯ ಎರಡು ಬೆರಳನ್ನು ಅತ್ತೆಯ ಕಣತಲೆಯ ಮೇಲೆ ಇಟ್ಟಳು. "ಈಗ ಕಚ್ಚಿ."

"ಏನು ಕಚ್ಚಲಿ?"

"ಸುಮ್ನೆ, ಹಲ್ಲಿಗೆ ಹಲ್ಲು ಒತ್ತಿ."

ಅತ್ತೆ ಮಗನ ಕಡೆ ನೋಡಿದರು. ಮಗ ಅನ್ನ ಕಲಸುತ್ತ "ಒತ್ತಮ್ಮ, ಒತ್ತಿಬಿಡು, ಇಲ್ದಿದ್ರೆ ನಿನಗೂ ಒಂದು ತಂತಿ ಚುಚ್ತಾಳೆ" ಎಂದ.

ಅತ್ತೆ ಒತ್ತಿದರು. ಬೆರಳ ಕೆಳಗೆ ಮಾಂಸಖಂಡ ಗಟ್ಟಿಯಾಗಿ ಎದ್ದು ನಿಂತಿತು. ಕ್ರೇನಣ್ಣನ ತಲೆಯಲ್ಲಿ ಆಧಾರದ ತಂತಿ ಇದ್ದದ್ದು ಸರಿಯಾಗಿ ಅಲ್ಲೇ.

ವಿದ್ಯುತ್ತನ್ನು ಒಂದೇ ಜಾಗದಲ್ಲಿ ಅಳೆಯಲಾಗದು. ಎರಡು ಜಾಗಗಳ ನಡುವಿನ ವ್ಯತ್ಯಾಸವನ್ನಷ್ಟೇ ಅಳೆಯಬಹುದು. ಹಾಳೆಯ ಒಂದೊಂದು ಚುಕ್ಕಿಯನ್ನೂ ಯಾವುದರೊಂದಿಗಾದರೂ ಹೋಲಿಸಬೇಕು, ಆ ಯಾವುದಾದರೊಂದೇ ಆಧಾರದ ತಂತಿ. ಅದು ಸುಮ್ಮನಿದ್ದರೆ ಸರಿ. ಅದರ ಪಕ್ಕದಲ್ಲೇ ಮಾಂಸಖಂಡವೊಂದು ಕಿರುಚಿದರೆ ಎಲ್ಲ ಚುಕ್ಕಿಗಳೂ ಒಟ್ಟಿಗೆ ಕಿರುಚಿದಂತೆ ಕಾಣುತ್ತದೆ. ಇದಕ್ಕೂ ಮದ್ದಿದೆ: ಎಲ್ಲ ಚುಕ್ಕಿಗಳಲ್ಲೂ ಸಮನಾಗಿ ಕಾಣುವುದು ಹೊರಗಿನಿಂದ ಬಂದದ್ದು, ಆದ್ದರಿಂದ ಸರಾಸರಿ ತೆಗೆದು ಪ್ರತಿ ಚುಕ್ಕಿಯಿಂದಲೂ ಅದನ್ನು ಕಳೆದುಬಿಡುವುದು. ಮೊದಲ ವರ್ಷದವರಿಗೂ ಅವಳು ಕಲಿಸುವ ಪಾಠ. ಕೊಕ್ಕರೆಯ ಪ್ರೋಗ್ರಾಮಿನಲ್ಲೂ ಅದು ಇತ್ತು. ಆದರೆ ಶುರುವಿನಲ್ಲಿ, ಸರಾಸರಿ ಕಳೆದಾಗ ಮೇಜಿನ ಕೈ ಸತ್ತಂತೆ ಬಿದ್ದಿರುತ್ತಿತ್ತು, ಕಳೆಯದಿದ್ದಾಗ ಕುಣಿಯುತ್ತಿತ್ತು. "ಹಾಗಾದ್ರೆ ಕಳೆಯೋದು ಬೇಡ, ಗದ್ದಲದ ಜೊತೆ ಒಳ್ಳೇ ಸಿಗ್ನಲ್ಲೂ ಹೋಗ್ತಿದೆ" ಎಂದವಳು ಯಾರು? ಇವಳೇ. ಬದುಕೆಲ್ಲ ಗದ್ದಲವನ್ನು ಬಾಗಿಲಾಚೆ ನಿಲ್ಲಿಸಿದವಳು, ಒಂದೇ ಸಲ, ಅದು ಒಳ್ಳೆಯ ಸುದ್ದಿ ತಂದಿತೆಂದು ಒಳಗೆ ಕರೆದು ಕೂರಿಸಿದ್ದಳು.

"ಊಟ ಮಾಡೇ, ಆರಿಹೋಯ್ತು" ಎಂದರು ಅತ್ತೆ. ಪ್ರೊಫೆಸರ್ ಕೂತು ಪೂರ್ತಿ ಊಟ ಮಾಡಿದಳು. ಮುಂದೆ ಮಾಡಬೇಕಾದದ್ದು ಹಸಿದ ಹೊಟ್ಟೆಯಲ್ಲಿ ಆಗುವ ಕೆಲಸವಲ್ಲ ಎಂದು ಅವಳಿಗೆ ಅನ್ನಿಸಿತ್ತು.

ಸೋಮವಾರದ ಹೊತ್ತಿಗೆ ಕ್ರೇನಣ್ಣನ ಕೆನ್ನೆ ಇಳಿದಿತ್ತು. ಮುಷ್ಟಿ ಎಂದ ಕೂಡಲೇ ಮೇಜಿನ ಕೈ ಲಟಲಟ ಮುಚ್ಚಿತು. ಕೊಕ್ಕರೆ ಕುಣಿಯುವುದೊಂದು ಬಾಕಿ. ತಂಗಿ ಸೂಜಿ ಎತ್ತಿ ಹಿಡಿದು "ನಾನು ಹೇಳಿರ್ಲಿಲ್ವಾ" ಎಂದಳು.

"ಈಗ ಕೈ ವಿಚಾರ ಬಿಟ್ಟುಬಿಡಿ" ಎಂದಳು ಪ್ರೊಫೆಸರ್. "ಏನು ಬೇಕಾದ್ರೂ ಯೋಚನೆ ಮಾಡಿ, ಕೈ ಒಂದು ಬೇಡ."

"ನಮ್ಮ ಮೇಸ್ತ್ರಿ ನೆನೆಸಿಕೊಳ್ಳಲಾ? ಬರೀ ಹೊಟ್ಟೆ ಅವನದು."

"ಸರಿ. ಮೇಸ್ತ್ರಿ ಹೊಟ್ಟೆ ನೆನೆಸಿಕೊಂಡು ಹಲ್ಲು ಒತ್ತಿ ಕಚ್ಚಿ."

ಕ್ರೇನಣ್ಣ ಕಚ್ಚಿದ. ಮೇಜಿನ ಕೈ ಮುಷ್ಟಿ ಹಿಡಿಯಿತು. ಬಿಟ್ಟ, ಕೈ ತೆರೆಯಿತು. ಮತ್ತೆ ಕಚ್ಚಿದ, ಮತ್ತೆ ಮುಷ್ಟಿ. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ, ನಗುತ್ತಿದ್ದ. ಕೊಕ್ಕರೆಗೆ ಅರ್ಥವಾಗಿತ್ತು. ಅವಳು ಎರಡೂ ಕಾಲಿನ ಮೇಲೆ ನಿಂತಿದ್ದಳು.

ಪ್ರೊಫೆಸರ್ ಸ್ಟೂಲು ಎಳೆದುಕೊಂಡು ಕ್ರೇನಣ್ಣನ ಎದುರು ಕೂತು ಬಿಡಿಸಿ ಹೇಳಿದಳು. ಎಲ್ಲಿ ತಂತಿ, ಎಲ್ಲಿ ಮಾಂಸಖಂಡ, ತಾನೇನು ಮಾಡಿದೆ, ಏನು ಮಾಡಬಾರದಿತ್ತು. ಕೈ ಎತ್ತಬೇಕೆಂದು ಕಷ್ಟಪಡುವಾಗ ಯಾರೇ ಆದರೂ ಹಲ್ಲು ಕಚ್ಚುತ್ತಾರೆ, ಅವನೂ ಕಚ್ಚಿದ, ಪ್ರೋಗ್ರಾಂ ಅದನ್ನೇ ಕಲಿತುಕೊಂಡಿತು. ಅವನ ತಪ್ಪು ಎಳ್ಳಷ್ಟೂ ಇಲ್ಲ.

"ಅಂದ್ರೆ ಇಷ್ಟು ದಿನ ನಾನು ಕೈ ಆಡಿಸ್ತಿದ್ದದ್ದು ಹಲ್ಲಲ್ಲಿ?"

"ಹೌದು."

ತಂಗಿ ಬ್ಲೌಸು ಕೆಳಗಿಟ್ಟಳು. "ಮೇಡಂ, ನನಗೆ ಒಂದೇ ಒಂದು ಹೇಳಿ. ಹಲ್ಲು ಕಚ್ಚಿದ್ದನ್ನ ಹಿಡಿಯೋಕೆ ತಲೆಯೊಳಗೆ ಹೋಗಬೇಕಾ?"

"ಬೇಡ. ಚರ್ಮದ ಮೇಲೆ ಒಂದು ಪಟ್ಟಿ ಅಂಟಿಸಿದ್ರೆ ಸಾಕು."

"ಪಟ್ಟಿ." ತಂಗಿ ಆ ಪದವನ್ನು ಬಾಯೊಳಗೆ ಹೊರಳಿಸಿ ನೋಡಿದಳು. "ಗಾಯಕ್ಕೆ ಅಂಟಿಸ್ತಾರಲ್ಲ, ಅಂಥದ್ದು. ಅಷ್ಟಕ್ಕೆ ನಮ್ಮಣ್ಣನ ತಲೆಬುರುಡೆ ಕೊರೆಸಿದ್ರಿ. ಆಪರೇಷನ್ ದಿನ ಹೊರಗೆ ಬೆಂಚಲ್ಲಿ ಕೂತಿದ್ದವಳು ನಾನು, ನೀವಲ್ಲ. ಅವನ ಕೂದಲು ಒಂದು ಕವರಲ್ಲಿ ಹಾಕಿ ನನ್ನ ಕೈಗೆ ಕೊಟ್ರು, ಗೊತ್ತಾ ನಿಮಗೆ? ಅಂಗಡಿ ಸಾಮಾನು ಕೊಟ್ಟ ಹಾಗೆ."

ಪ್ರೊಫೆಸರ್ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ತಂಗಿಯ ಮುಖ ನೋಡದೆ ತಪ್ಪಿಸಿಕೊಂಡ ಹಾಗಾಗುತ್ತಿತ್ತು. "ಗೊತ್ತಿರ್ಲಿಲ್ಲ" ಎಂದಳು.

ಕೊಕ್ಕರೆ ನಡುವೆ ಬಾಯಿ ಹಾಕಿದಳು. "ಮೇಡಂ, ಕಮಿಟಿಗೆ ಕೈ ಮುಚ್ಚೋದು ತೋರಿಸಿದ್ರೆ ಸಾಕು. ಅನುಮತಿ ಸಿಗ್ಲಿ, ಆಮೇಲೆ ಕೂತು ಸರಿ ಮಾಡೋಣ. ಈಗ್ಲೇ ಹೇಳಿಬಿಟ್ರೆ ಹಾಳೆ ತೆಗೆಸ್ತಾರೆ. ಅಣ್ಣನಿಗೇ ಅಲ್ವಾ ನಷ್ಟ?"

ಅದು ಮೂರ್ಖ ಮಾತಾಗಿರಲಿಲ್ಲ. ಅದೇ ಯೋಚನೆ ಪ್ರೊಫೆಸರಳ ತಲೆಯಲ್ಲೂ ಭಾನುವಾರ ಮಧ್ಯಾಹ್ನದಿಂದ ಸುತ್ತು ಹೊಡೆಯುತ್ತಿತ್ತು. ಅವಳು ಅದನ್ನು ಕ್ರೇನಣ್ಣನ ಮುಂದೆಯೇ ಇಟ್ಟಳು. "ಇವಳು ಹೇಳಿದ್ದು ಕೇಳಿದ್ರಲ್ಲ. ಹಾಗೆ ಮಾಡಿದ್ರೆ ಹಾಳೆ ಉಳಿಯತ್ತೆ. ಆದ್ರೆ ಸುಳ್ಳಿನ ಮೇಲೆ ಉಳಿಯತ್ತೆ. ನಾನು ಮಾಡಲ್ಲ. ಈ ವಾರದಲ್ಲಿ ನಿಜವಾದ ಸಿಗ್ನಲ್ ಹುಡುಕ್ತೀನಿ. ಸಿಕ್ರೆ ಅದನ್ನ ತೋರಿಸ್ತೀನಿ. ಸಿಗದಿದ್ರೆ ಸಿಗಲಿಲ್ಲ ಅಂತ ಹೇಳ್ತೀನಿ. ನಿಮಗೆ ನನ್ನ ಮೇಲೆ ನಂಬಿಕೆ ಹೋಗಿದ್ರೆ ಇವತ್ತೇ ಮನೆಗೆ ಹೋಗಬಹುದು."

ಕ್ರೇನಣ್ಣ ಮೇಜಿನ ಕೈಯಿಂದ ಕಣ್ಣೆತ್ತಿ ಕೇಳಿದ.

"ಸಿಗತ್ತೆ ಅಂತೀರಾ?"

"ಇದೆ ಅಂತೀನಿ. ಸಿಗತ್ತೆ ಅಂತ ಹೇಳೋಕೆ ಇನ್ನೂ ಹುಡುಕಿಲ್ಲ."

"ಮನೆಗೆ ಹೋಗಿ ಏನು ಮಾಡ್ಲಿ" ಎಂದ ಅವನು. "ಇವಳು ಮಷಿನ್ ತುಳಿಯೋ ಸದ್ದು ಕೇಳ್ತಾ ಗೋಡೆ ನೋಡ್ಬೇಕು. ಇಲ್ಲಾದ್ರೆ ಕೊಕ್ಕರೆ ಇದ್ದಾಳೆ ನೋಡೋಕೆ."

ತಂಗಿ ಬ್ಲೌಸನ್ನು ಮಡಚಿ ಚೀಲಕ್ಕೆ ಹಾಕಿದಳು. ಆದರೆ ಎದ್ದು ಹೋಗಲಿಲ್ಲ.

ಅಂದಿನಿಂದ ಕೆಲಸದ ರೀತಿಯೇ ಬದಲಾಯಿತು. ಸರಾಸರಿ ಕಳೆಯುವುದನ್ನು ಮರಳಿ ಹಾಕಿದರು. ಕ್ರೇನಣ್ಣ ಬಾಯಿ ತೆರೆದುಕೊಂಡೇ ಮುಷ್ಟಿ ಹಿಡಿಯಬೇಕು, ದವಡೆ ಜೋತುಬಿದ್ದಿರಬೇಕು. ಹೇಳಿದಷ್ಟು ಸುಲಭವಲ್ಲ. ಮನುಷ್ಯ ಏನನ್ನಾದರೂ ಗಟ್ಟಿಯಾಗಿ ಬಯಸುವಾಗ ಅವನಿಗೇ ತಿಳಿಯದೆ ದವಡೆ ಬಿಗಿಯುತ್ತದೆ. ಕಣತಲೆಯ ಮೇಲೆ ಪಟ್ಟಿ ಅಂಟಿಸಿ ಬಿಗಿತವನ್ನು ಅಳೆಯುವ ಏರ್ಪಾಡು ಆಯಿತು. ಆದರೆ ಪರದೆಯಲ್ಲಿ ಗೆರೆ ಏಳುವ ಹೊತ್ತಿಗೆ ತಡವಾಗಿರುತ್ತಿತ್ತು. ಆಗ ತಂಗಿಯೇ ಸ್ಟೂಲು ತಂದು ಅಣ್ಣನ ಹಿಂದೆ ಕೂತು, ಆಚೆ ಬದಿಯ ಕಣತಲೆಯ ಮೇಲೆ ಎರಡು ಬೆರಳಿಟ್ಟಳು. ಚೂರು ಬಿಗಿದರೂ ಸಾಕು, ತಲೆಗೆ ಮೊಟಕುತ್ತಿದ್ದಳು.

"ಕಚ್ಚಿದೆ."

"ಇಲ್ಲ ಕಣೇ."

"ನನ್ನ ಬೆರಳಿಗೆ ಸುಳ್ಳು ಹೇಳ್ತೀಯಾ? ಚಿಕ್ಕಂದಿನಿಂದ ಇದೇ ಬುದ್ಧಿ. ಬಾಯಿ ತೆಗಿ."

ಬಾಯಿ ತೆರೆದವನ ಎದುರು ಬಾಯಿ ಮುಚ್ಚಿಕೊಂಡು ಕೂತರೆ ಅವನಿಗೆ ನಗು ಬರುತ್ತಿತ್ತು, ನಕ್ಕರೆ ಅಳತೆ ಕೆಡುತ್ತಿತ್ತು. ಹಾಗಾಗಿ ಪ್ರೊಫೆಸರಳೂ ಬಾಯಿ ತೆರೆದಳು. ಅವಳನ್ನು ನೋಡಿ ಕೊಕ್ಕರೆಯೂ. ಒಂದು ಮಧ್ಯಾಹ್ನ ವಿಭಾಗದ ಜವಾನ ಟಪಾಲು ಕೊಡಲು ಬಾಗಿಲು ತೆರೆದರೆ, ಫ್ಯಾನಿಲ್ಲದ ಕೋಣೆಯಲ್ಲಿ ಬೆವರು ಸುರಿಸುತ್ತ ನಾಲ್ವರು, ಅವರಲ್ಲಿ ಮೂವರು ಬಾಯಿ ಕಳೆದುಕೊಂಡು ಒಂದು ಯಂತ್ರದ ಕೈಯನ್ನು ನೋಡುತ್ತಿದ್ದರು. ಅವನು ಟಪಾಲನ್ನು ಬಿಸ್ಕತ್ತಿನ ಡಬ್ಬಿಯ ಮೇಲಿಟ್ಟು ಬಂದ ದಾರಿ ಹಿಡಿದ.

ಕೈ ಮಾತ್ರ ಅಲ್ಲಾಡಲಿಲ್ಲ. ಮಂಗಳವಾರ ಇಲ್ಲ. ಬುಧವಾರ ಇಲ್ಲ. ಮಾಂಸಖಂಡದ ಗದ್ದಲ ಕಳೆದ ಮೇಲೆ ಉಳಿದ ಗೆರೆಗಳು ಎಷ್ಟು ಸಣ್ಣವೆಂದರೆ ಕೊಕ್ಕರೆ ಪರದೆಗೆ ಮೂಗು ತಾಗಿಸಿ "ಇಲ್ಲೇನೂ ಇಲ್ಲ ಮೇಡಂ, ನಾವು ಇದೆ ಅಂದ್ಕೊಂಡು ನೋಡ್ತಿದ್ದೀವಿ" ಎಂದಳು.

"ಸೇತುವೆನೂ ಹಾಗೇ ಇರ್ತಿತ್ತು" ಎಂದಳು ಪ್ರೊಫೆಸರ್. "ಲಾರಿ ಓಡಾಡುವಾಗ ಏನೂ ಕೇಳಿಸಲ್ಲ. ಲಾರಿ ಹೋದ ಮೇಲೂ ಸ್ವಲ್ಪ ಹೊತ್ತು ಕೇಳಿಸಲ್ಲ, ಕಿವಿ ಇನ್ನೂ ಲಾರಿಗೇ ಒಗ್ಗಿರತ್ತೆ. ಚುಕ್ಕಿ ಚುಕ್ಕಿನೇ ಬೇರೆ ಬೇರೆ ನೋಡು. ಎಲ್ಲ ಒಟ್ಟಿಗೆ ಬೇಡ."

ಚುಕ್ಕಿ ಚುಕ್ಕಿಯಾಗಿ ನೋಡಿದರು. ಗುರುವಾರ, ಹಾಳೆಯ ಒಂದು ಮೂಲೆಯ ನಾಲ್ಕೈದು ಚುಕ್ಕಿಗಳಲ್ಲಿ, ಮುಷ್ಟಿ ಎಂದು ಹೇಳಿದ ತುಸು ಹೊತ್ತಿಗೆ ಗೆರೆ ಒಂಚೂರು ದಪ್ಪವಾಗುವುದು ಕಂಡಿತು. ಮತ್ತೆ ಹೇಳಿದರು, ಮತ್ತೆ ದಪ್ಪವಾಯಿತು. ಕಾಲು ಎಂದಾಗ ಆಗಲಿಲ್ಲ. ಮೇಸ್ತ್ರಿಯ ಹೊಟ್ಟೆ ಎಂದಾಗಲೂ ಆಗಲಿಲ್ಲ. ಕೊಕ್ಕರೆ ಮೂಗು ಒರೆಸಿಕೊಂಡಳು. ಬೆವರೋ ಇನ್ನೇನೋ, ಯಾರೂ ಕೇಳಲಿಲ್ಲ. ಆ ನಾಲ್ಕೈದು ಚುಕ್ಕಿಗಳನ್ನಷ್ಟೇ ಇಟ್ಟುಕೊಂಡು ಪ್ರೋಗ್ರಾಮನ್ನು ಬುಡದಿಂದ ಬರೆಯಲು ಕೂತಳು. ಹಳೆಯ ಪ್ರಬಂಧ ಕಸದ ಬುಟ್ಟಿಗೆ ಎಂಬುದನ್ನು ಆಡಿ ತೋರಿಸಲಿಲ್ಲ, ಪ್ರೊಫೆಸರಳೂ ಸಮಾಧಾನ ಹೇಳಲು ಹೋಗಲಿಲ್ಲ. ಅವಳ ಪಕ್ಕದಲ್ಲೇ ಇನ್ನೊಂದು ಕುರ್ಚಿ ಹಾಕಿಕೊಂಡು ಒಂದೊಂದು ಸಾಲನ್ನೂ ಜೊತೆಗೂಡಿ ಓದಿದಳು.

ಶುಕ್ರವಾರ ಬೆಳಿಗ್ಗೆ ಮೇಜಿನ ಕೈಯ ತೋರುಬೆರಳು ಕದಲಿತು. ಆಮೇಲೆ ನಿಂತಿತು. ಮತ್ತೆ ಕದಲಿ ಅರ್ಧ ಬಾಗಿತು.

"ತಂಗಿ, ಅವರು ಕಚ್ಚಿದ್ರಾ?" ಪ್ರೊಫೆಸರ್ ಕೇಳಿದಳು.

ತಂಗಿ ಬೆರಳೊತ್ತಿ ನೋಡಿದಳು. "ಇಲ್ಲ" ಎಂದಳು. ಮತ್ತೆ ಒತ್ತಿ ನೋಡಿದಳು. "ಬೆಣ್ಣೆ ಹಾಗಿದೆ."

ಶನಿವಾರ ಕೂತ ಕಮಿಟಿಯಲ್ಲಿ ಐವರಿದ್ದರು. ಅಧ್ಯಕ್ಷರು ನಿವೃತ್ತ ನರವೈದ್ಯರು. ಮಾತಿಗೆ ಮೊದಲು ಕನ್ನಡಕ ತೆಗೆದು ಕೇಳಿಸಿಕೊಳ್ಳುವಾಗ ಹಾಕಿಕೊಳ್ಳುವ ಸ್ವಭಾವದವರು. ಪೇಪರಿನಲ್ಲಿ ಬಂದದ್ದನ್ನು ಅವರು ಓದಿದ್ದರು, ಕೈ ಕುಣಿಯುವುದನ್ನು ನೋಡಲು ಬಂದಿದ್ದರು.

ಪ್ರೊಫೆಸರ್ ಮೊದಲು ಅದನ್ನೇ ತೋರಿಸಿದಳು. ಹಳೆಯ ಪ್ರೋಗ್ರಾಂ ಹಾಕಿ ಕ್ರೇನಣ್ಣನಿಗೆ ಹಲ್ಲು ಕಚ್ಚಲು ಹೇಳಿದಳು. ಕೈ ಚಕಚಕನೆ ಮುಚ್ಚಿ ತೆರೆಯಿತು. ಐವರ ಮುಖವೂ ಅರಳಿತು. "ಇದು ಮೆದುಳಿನದಲ್ಲ, ದವಡೆಯದು" ಎಂದಳು. "ಗೊತ್ತಾಗದೆ ಆದದ್ದಲ್ಲ. ಗೊತ್ತಾಗಬೇಕಿದ್ದ ಜಾಗದಲ್ಲಿ ನಾನು ನೋಡಲಿಲ್ಲ. ಇನ್ನು ಮುಂದಿನದನ್ನ ನೋಡಿ. ಇದು ಇಷ್ಟು ಚೆನ್ನಾಗಿರಲ್ಲ."

ಅರಳಿದ ಮುಖಗಳು ಮುದುಡಿದವು. ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು.

ತಂಗಿ ಅಣ್ಣನ ಹಿಂದೆ ನಿಂತು ಬೆರಳಿಟ್ಟಳು. ಕ್ರೇನಣ್ಣ ಬಾಯಿ ತೆರೆದ. ಮೊದಲ ಸಲ ಏನೂ ಆಗಲಿಲ್ಲ. ತುಟಿಯಂಚಿನಿಂದ ಜೊಲ್ಲು ಇಳಿಯಿತು, ತಂಗಿ ಇನ್ನೊಂದು ಕೈಯಿಂದ ಒರೆಸಿದಳು. ಎರಡನೆಯ ಸಲವೂ ಇಲ್ಲ. ಪ್ರೊಫೆಸರ್ ಅವನ ಎದುರು ಹೋಗಿ ಬಗ್ಗಿ, ಕಮಿಟಿಯವರಿಗೆ ಬೆನ್ನು ಮಾಡಿ, ತಾನೂ ಬಾಯಿ ತೆರೆದಳು. ಅವನ ಕಣ್ಣಂಚಿನಲ್ಲಿ ನಗು ಹಾದುಹೋಯಿತು. ಮೇಜಿನ ಕೈಯ ತೋರುಬೆರಳು ಬಾಗಿತು. ನಡುಬೆರಳು. ಉಳಿದವು ಒಂದರ ಹಿಂದೊಂದು, ನಿದ್ದೆಯಿಂದ ಏಳುವವರ ಹಾಗೆ. ಹೆಬ್ಬೆರಳು ಕೊನೆಗೆ ಬಂದು ಅವುಗಳ ಮೇಲೆ ಕೂತಿತು.

ಅಧ್ಯಕ್ಷರು ಕನ್ನಡಕ ತೆಗೆದರು. "ತೆರೆಯೋದು?"

"ಅದು ಇನ್ನೂ ಬರಲ್ಲ."

"ದವಡೆದು ಇದಕ್ಕಿಂತ ಎಷ್ಟೋ ಚೆನ್ನಾಗಿತ್ತಲ್ಲ. ಪಟ್ಟಿಯಲ್ಲೇ ಆಗೋ ಕೆಲಸಕ್ಕೆ ಹಾಳೆ ಯಾಕೆ?"

"ಪಟ್ಟಿ ಅವರಿಗೆ ಇವತ್ತೇ ಕೊಡ್ತೀವಿ, ಗಾಲಿಕುರ್ಚಿ ನಡೆಸೋಕೆ" ಎಂದಳು ಪ್ರೊಫೆಸರ್. "ಆದ್ರೆ ದವಡೆಗೆ ಗೊತ್ತಿರೋದು ಎರಡೇ ಮಾತು, ಕಚ್ಚು, ಬಿಡು. ಕೈಗೆ ಅಷ್ಟು ಸಾಲದು. ಲೋಟ ಹಿಡಿಯೋದು ಬೇರೆ, ಗುಂಡಿ ಹಾಕೋದು ಬೇರೆ. ಅದೆಲ್ಲ ಇರೋದು ಹಾಳೆಯ ಆ ಮೂಲೆಯಲ್ಲಿ. ಮಾತಾಡೋಕೆ ಈಗಷ್ಟೇ ಶುರು ಮಾಡಿದೆ."

ಅಧ್ಯಕ್ಷರು ಕ್ರೇನಣ್ಣನ ಕಡೆ ತಿರುಗಿದರು. "ನೀವೇನಂತೀರಿ? ತೆಗೆಸಿಬಿಡಿ ಅಂದ್ರೆ ಯಾರೂ ತಪ್ಪು ತಿಳ್ಕೊಳ್ಳಲ್ಲ."

"ಹಲ್ಲಲ್ಲಿ ಆಡಿಸಿದಾಗ ಕೈ ಓಡ್ತಿತ್ತು ಸಾರ್, ಆದ್ರೆ ನನಗೇನೂ ಅನ್ನಿಸ್ತಿರ್ಲಿಲ್ಲ" ಎಂದ ಅವನು. "ಈಗ ಅನ್ನಿಸತ್ತೆ. ಎಲ್ಲಿ ಅಂತ ಕೇಳಬೇಡಿ. ಇರ್ಲಿ ಬಿಡಿ ಅದು, ತಲೆಯೊಳಗೆ ಏನು ಬಾಡಿಗೆ ಕೇಳ್ತಿದೆಯಾ."

ಅವರು ತಂಗಿಯನ್ನೂ ಕೇಳಿದರು. ತಂಗಿ ಪ್ರೊಫೆಸರಳ ಕಡೆ ನೋಡಲಿಲ್ಲ. "ಈ ಮೇಡಂ ಮೇಲೆ ನನಗೆ ಸಿಟ್ಟಿದೆ, ಅದು ಇಳಿಯೋಕೆ ಟೈಮ್ ಬೇಕು" ಎಂದಳು. "ಆದ್ರೆ ಬೆರಳು ಬಾಗಿದಾಗ ಅವನು ಕಚ್ಚಿರ್ಲಿಲ್ಲ. ಅದಕ್ಕೆ ನಾನು ಸಾಕ್ಷಿ."

ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಮತ್ತೆ ಕರೆದಾಗ ಅಧ್ಯಕ್ಷರು ಕೊಟ್ಟದ್ದು ವರ್ಷವಲ್ಲ, ಆರು ತಿಂಗಳು. ಪ್ರತಿ ಅಳತೆಯ ಜೊತೆಗೂ ದವಡೆಯ ಅಳತೆ ಇರಬೇಕು, ಹಳೆಯ ಫಲಿತಾಂಶ ತಪ್ಪು ಎಂದು ಪ್ರೊಫೆಸರ್ ತನ್ನ ಹೆಸರಿನಲ್ಲಿಯೇ ಪ್ರಕಟಿಸಬೇಕು. ಪ್ರೊಫೆಸರ್ ಆಗಲಿ ಎಂದಳು. ಆರು ತಿಂಗಳಲ್ಲಿ ತೆರೆಯುವುದನ್ನು ಕಲಿಸಬೇಕು, ಆಮೇಲೆ ಹೆಬ್ಬೆರಳನ್ನು ಬಿಡಿಯಾಗಿ. ಮನಸ್ಸು ಆಗಲೇ ಕೆಲಸ ಹಂಚುತ್ತಿತ್ತು.

ಸಾಮಾನು ಕಟ್ಟುವಾಗ ನೋಡಿದರೆ ಮೇಜಿನ ಕೈ ಇನ್ನೂ ಮುಷ್ಟಿ ಹಿಡಿದೇ ಇತ್ತು. ಹಾಗೆ ಪೆಟ್ಟಿಗೆಯೊಳಗೆ ಕೂರುತ್ತಿರಲಿಲ್ಲ. ಪ್ರೊಫೆಸರ್ ಹೆಬ್ಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳನ್ನು ಬಿಡಿಸತೊಡಗಿದಳು. ಕಿರುಬೆರಳ ಚಕ್ರ ಸಿಕ್ಕಿಕೊಂಡು ಕಟಕ್ಕೆಂದಿತು.

"ನಿಧಾನ ಮೇಡಂ" ಎಂದ ಕ್ರೇನಣ್ಣ. "ನನ್ನ ಕೈ ಅದು."